ಆರೋಗ್ಯ ಪ್ರಶ್ನೋತ್ತರ: ಕುಳಿತೇ ದಿನ ಕಳೆಯುವ ಹಿರಿಯರು

ಮನೆಯ ಹಿರಿಯರು ದಿನದ ಬಹುಪಾಲನ್ನು ಕುಳಿತೇ ಕಳೆಯುತ್ತಿರುವುದರ ಬಗ್ಗೆ ಆತಂಕ ತೋಡಿಕೊಂಡು ಹಲವು ಓದುಗರು ಪತ್ರ ಬರೆದಿದ್ದಾರೆ. ಕೆಲವು ಹಿರಿಯರು ತಮ್ಮ ಬಗ್ಗೆ ತಾವೇ ಬರೆದಿದ್ದಾರೆ. ಎಲ್ಲವೂ ಒಂದೇ ವಿಷಯಕ್ಕೆ ಸೇರಿದ ಪ್ರಶ್ನೆಗಳಾದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಾವನವರಿಗೆ 72 ವರ್ಷ. ಪ್ರೌಢಶಾಲೆಯ ಮೇಷ್ಟರಾಗಿ ನಿವೃತ್ತರಾದವರು. ಅತ್ತೆಯವರು ತೀರಿಕೊಂಡ ಮೇಲೆ ತಿಪಟೂರಿನ ಮನೆಗೆ ಬೀಗ ಹಾಕಿ ಬಂದು ನಮ್ಮೊಂದಿಗೆ ಇದ್ದಾರೆ. ಬೆಳಿಗ್ಗೆ ಅರ್ಧ ಗಂಟೆ ಪಾರ್ಕಿನಲ್ಲಿ ತಪ್ಪದೆ ವಾಕಿಂಗ್ ಮಾಡುತ್ತಾರೆ. ಬಂದು ಪೇಪರ್ ಹಿಡಿದು ಸೋಫಾದಲ್ಲಿ ಕುಳಿತರೆ ಮುಗಿಯಿತು. ಮೊಬೈಲ್, ಮಧ್ಯಾಹ್ನದ ತೂಕಡಿಕೆ, ಸಂಜೆಯ ಧಾರಾವಾಹಿ, ರಾತ್ರಿಯ ಸುದ್ದಿ ಎಲ್ಲವೂ ಅಲ್ಲಿಯೇ. ನಾವು ಅವರಿಗೆ ಯಾವ ಕೆಲಸವನ್ನೂ ಹೇಳುವುದಿಲ್ಲ, ನೀರಿನ ಲೋಟವನ್ನೂ ಕೈಗೇ ಕೊಡುತ್ತೇವೆ. ಈಚೆಗೆ ಏಳುವಾಗ ಎರಡೂ ಕೈ ಊರಿ, ಒಂದೆರಡು ಸಲ ಹಿಂದೆ ಮುಂದೆ ತೂಗಿ ಏಳುತ್ತಾರೆ. ಸಂಜೆಯ ಹೊತ್ತಿಗೆ ಪಾದಗಳು ಊದಿಕೊಂಡಿರುತ್ತವೆ. ಬೆಳಗಿನ ವಾಕಿಂಗ್ ಸಾಲದೇ?
(ಬೆಂಗಳೂರಿನ ಓದುಗರು)

ಉತ್ತರ: ಬೆಳಗಿನ ವಾಕಿಂಗ್ ಒಳ್ಳೆಯದು, ಅದನ್ನು ಯಾವ ಕಾರಣಕ್ಕೂ ಬಿಡಿಸಬೇಡಿ. ಆದರೆ ಅದೊಂದೇ ಸಾಲದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ ಮಾಡಬೇಕು. ಈ ಲೆಕ್ಕದಲ್ಲಿ ನಿಮ್ಮ ಮಾವನವರು ತೇರ್ಗಡೆಯಾಗುತ್ತಾರೆ. ಅದೇ ಮಾರ್ಗಸೂಚಿಯಲ್ಲಿ ಇನ್ನೂ ಮೂರು ಮಾತುಗಳಿವೆ: ವಾರಕ್ಕೆ ಎರಡು ದಿನವಾದರೂ ಮಾಂಸಖಂಡಗಳಿಗೆ ಬಲ ಕೊಡುವ ವ್ಯಾಯಾಮ ಇರಬೇಕು, ಮೂರು ದಿನವಾದರೂ ಸಮತೋಲನ ಕಾಪಾಡುವ ವ್ಯಾಯಾಮ ಇರಬೇಕು, ಮತ್ತು ಕುಳಿತಿರುವ ಹೊತ್ತನ್ನು ಕಡಿಮೆ ಮಾಡಬೇಕು. ಈ ಮೂರೂ ನಮ್ಮ ಮನೆಗಳಿಗೆ ಇನ್ನೂ ತಲುಪಿಲ್ಲ.

ಕುಳಿತಿರುವುದು ದೇಹಕ್ಕೆ ಏನು ಮಾಡುತ್ತದೆ ಎಂಬ ಪ್ರಶ್ನೆ ಹೊಸದೇನಲ್ಲ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕುಳಿತಿರುತ್ತಿದ್ದ ಡ್ರೈವರುಗಳಿಗೂ, ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಕೊಡುತ್ತಿದ್ದ ಕಂಡಕ್ಟರುಗಳಿಗೂ ಹೋಲಿಸಿ ನೋಡಿದಾಗ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆ ಎಂದು ಜೆರೆಮಿ ಮಾರಿಸ್ ಮತ್ತು ಅವರ ಸಂಗಡಿಗರು 1953ರಲ್ಲೇ ಪ್ರಕಟಿಸಿದ್ದರು. 2016ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ದಿನಕ್ಕೆ ಎಂಟು ಗಂಟೆಗೂ ಮೀರಿ ಕುಳಿತಿರುವುದರ ಜೊತೆಗೆ ಕಂಡುಬಂದ ಹೆಚ್ಚುವರಿ ಸಾವಿನ ಅಪಾಯವು ದಿನಕ್ಕೆ 60ರಿಂದ 75 ನಿಮಿಷ ಚುರುಕಾಗಿ ನಡೆಯುವಷ್ಟು ಚಟುವಟಿಕೆ ಇದ್ದವರಲ್ಲಿ ಮಾತ್ರ ಇಲ್ಲವಾಗಿತ್ತು. ದಿನಕ್ಕೆ ಐದು ಗಂಟೆ ಅಥವಾ ಅದಕ್ಕೂ ಹೆಚ್ಚು ಟಿ.ವಿ. ನೋಡುವವರಲ್ಲಿ ಅಷ್ಟು ಚಟುವಟಿಕೆ ಇದ್ದರೂ ಅಪಾಯ ತಗ್ಗಿತ್ತೇ ಹೊರತು ಪೂರ್ತಿ ಹೋಗಿರಲಿಲ್ಲ. ಇಂಥ ಅಧ್ಯಯನಗಳಿಂದ ಇದೇ ಕಾರಣ, ಇದೇ ಪರಿಣಾಮ ಎಂದು ಗೆರೆ ಎಳೆದು ಹೇಳಲು ಬರುವುದಿಲ್ಲವಾದರೂ, ದೇಹದೊಳಗೆ ನಡೆಯುವ ಬದಲಾವಣೆಗಳು ಇದೇ ದಿಕ್ಕನ್ನು ತೋರಿಸುತ್ತವೆ.

ಊಟದ ನಂತರ ರಕ್ತಕ್ಕೆ ಸೇರುವ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಮಾಂಸಖಂಡಗಳು, ಅದರಲ್ಲೂ ತೊಡೆ ಮತ್ತು ಪೃಷ್ಠದ ದೊಡ್ಡ ಮಾಂಸಖಂಡಗಳು. ಕುಳಿತಾಗ ಅವು ಬಹುಮಟ್ಟಿಗೆ ಸುಮ್ಮನಿರುತ್ತವೆ. ಸಕ್ಕರೆ ರಕ್ತದಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ. ಕಾಲಿನಿಂದ ರಕ್ತವನ್ನು ಮೇಲಕ್ಕೆ ತಳ್ಳುವ ಕೆಲಸ ಮೀನಖಂಡದ್ದು. ಅದು ಬಿಗಿದು ಸಡಿಲವಾಗದಿದ್ದರೆ ರಕ್ತ ಮತ್ತು ನೀರಿನಂಶ ಪಾದಗಳಲ್ಲೇ ನಿಲ್ಲುತ್ತದೆ. ಸಂಜೆಯ ಊತಕ್ಕೆ ಇದು ಒಂದು ಕಾರಣವಿರಬಹುದು. ಹಾಗೆಂದು ಕುಳಿತದ್ದರಿಂದಲೇ ಊತ ಬಂದಿದೆ ಎಂದು ನೀವೇ ತೀರ್ಮಾನಿಸಬೇಡಿ. ಹೃದಯ, ಮೂತ್ರಪಿಂಡ, ಯಕೃತ್ತು, ಥೈರಾಯ್ಡ್ ತೊಂದರೆಗಳಲ್ಲೂ, ಆಮ್ಲೋಡಿಪಿನ್‌ನಂಥ ಬಿಪಿ ಮಾತ್ರೆಯಿಂದಲೂ ಪಾದ ಊದುತ್ತದೆ. ಒಮ್ಮೆ ವೈದ್ಯರಿಗೆ ತೋರಿಸಿ, ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಿಸಿ.

ನಿಮ್ಮ ಪತ್ರದಲ್ಲಿ ನನ್ನ ಗಮನ ಹೆಚ್ಚು ಸೆಳೆದದ್ದು ಅವರು ಏಳುವ ರೀತಿ. ಕೈ ಊರದೆ ಏಳಲಾಗದಿರುವುದು ತೊಡೆಯ ಬಲ ಕುಂದಿರುವುದರ ಗುರುತು. ಮನೆಯಲ್ಲೇ ಪರೀಕ್ಷಿಸಬಹುದು. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿಡಿ. ಅವರು ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು ಪೂರ್ತಿ ಎದ್ದು ನಿಂತು, ಮತ್ತೆ ಕುಳಿತು, ಮತ್ತೆ ಏಳಲಿ. ನೀವು ಪಕ್ಕದಲ್ಲೇ ನಿಂತು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದರು ಎಂದು ಎಣಿಸಿ. 70ರಿಂದ 74 ವಯಸ್ಸಿನ ಗಂಡಸರು 12ಕ್ಕಿಂತ ಕಡಿಮೆ, ಹೆಂಗಸರು 10ಕ್ಕಿಂತ ಕಡಿಮೆ ಎದ್ದರೆ ಬೀಳುವ ಅಪಾಯ ಹೆಚ್ಚು ಎಂದು ಭಾವಿಸಲಾಗುತ್ತದೆ. ಕೈ ಬಳಸಿದರೆ ಲೆಕ್ಕ ಸೊನ್ನೆ.

ಈ ಪರೀಕ್ಷೆಯೇ ಒಳ್ಳೆಯ ವ್ಯಾಯಾಮವೂ ಹೌದು. ಮೊದಲು ಕುರ್ಚಿಯ ಅಂಚಿಗೆ ಸರಿದು ಕೂರಬೇಕು. ಪಾದಗಳನ್ನು ಮಂಡಿಗಿಂತ ತುಸು ಹಿಂದಕ್ಕೆ ಎಳೆದುಕೊಂಡು, ಮೂಗು ಕಾಲಿನ ಬೆರಳುಗಳ ಮೇಲೆ ಬರುವಷ್ಟು ಮುಂದಕ್ಕೆ ಬಾಗಿ, ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಏಳಬೇಕು. ಕೂರುವಾಗ ದೊಪ್ಪನೆ ಬೀಳದೆ ನಿಧಾನವಾಗಿ ಇಳಿಯಬೇಕು; ಬಲ ಕೊಡುವುದರಲ್ಲಿ ಈ ಇಳಿಯುವ ಭಾಗದ ಪಾಲು ದೊಡ್ಡದು. ಆರಂಭದಲ್ಲಿ ಐದು ಸಲ ಸಾಕು, ಅಗತ್ಯವಿದ್ದರೆ ಸೀಟಿನ ಮೇಲೆ ಒಂದು ದಪ್ಪ ದಿಂಬು ಇಟ್ಟು ಎತ್ತರ ಮಾಡಿಕೊಳ್ಳಲಿ. ತಗ್ಗಾದ, ಮೆತ್ತನೆಯ ಸೋಫಾ ಅವರಿಗೆ ಸೂಕ್ತವಲ್ಲ.

ಇನ್ನು ನೀರಿನ ಲೋಟದ ವಿಚಾರ. ಹಿರಿಯರನ್ನು ಕೂರಿಸಿ ಸೇವೆ ಮಾಡುವುದೇ ಗೌರವ ಎಂದು ನಾವು ತಿಳಿದಿದ್ದೇವೆ. ನಿಮ್ಮ ಪ್ರೀತಿಯ ಬಗ್ಗೆ ನನಗೆ ಕಿಂಚಿತ್ತೂ ಅನುಮಾನವಿಲ್ಲ, ಆದರೆ ಈ ರೂಢಿಯಿಂದ ಹಿರಿಯರಿಗೆ ಆಗುತ್ತಿರುವ ನಷ್ಟ ದೊಡ್ಡದು. ತಿಪಟೂರಿನಲ್ಲಿದ್ದಾಗ ಅವರು ತೋಟಕ್ಕೋ ಪೇಟೆಗೋ ಹೋಗುತ್ತಿದ್ದರು, ಯಾರಾದರೂ ಬಂದರೆಂದು ಬಾಗಿಲಿಗೆ ಏಳುತ್ತಿದ್ದರು. ಬೆಂಗಳೂರಿನ ಫ್ಲಾಟಿನಲ್ಲಿ ಅವರು ಏಳಲೇಬೇಕಾದ ಸಂದರ್ಭ ಯಾವುದಿದೆ? ಹಾಲು, ಸೊಪ್ಪು ತರುವುದು, ಬಾಲ್ಕನಿಯ ಗಿಡಗಳಿಗೆ ನೀರು ಹಾಕುವುದು, ಒಗೆದ ಬಟ್ಟೆ ಹರವುವುದು, ಮೊಮ್ಮಕ್ಕಳನ್ನು ಸ್ಕೂಲ್ ಬಸ್ಸಿನ ತನಕ ಕರೆದೊಯ್ಯುವುದು, ಇವುಗಳಲ್ಲಿ ಒಂದೆರಡನ್ನು ಅವರ ಹೊಣೆಯೆಂದೇ ಬಿಟ್ಟುಕೊಡಿ. ಕೆಲಸ ಹೇಳುವಂತೆ ಹೇಳದೆ, "ಮಾವ, ಇದನ್ನು ನೀವು ನೋಡಿಕೊಂಡರೆ ನನಗೆ ಅನುಕೂಲ" ಎಂದು ಕೇಳಿ. ಮೊಬೈಲಿನ ಚಾರ್ಜರ್ ಬೇರೆ ಕೋಣೆಯಲ್ಲಿರಲಿ, ನೀರಿನ ಹೂಜಿ ಅಡುಗೆಮನೆಯಲ್ಲೇ ಇರಲಿ, ಧಾರಾವಾಹಿಯ ನಡುವೆ ಜಾಹೀರಾತು ಬಂದಾಗಲೆಲ್ಲ ಎದ್ದು ಹಜಾರದಲ್ಲಿ ಎರಡು ಸುತ್ತು ಹಾಕಲಿ. ಮೇಷ್ಟರಾಗಿದ್ದವರಾದ್ದರಿಂದ ಸಂಜೆ ನಿಮ್ಮ ಕಟ್ಟಡದ ಮಕ್ಕಳಿಗೆ ಕನ್ನಡವನ್ನೋ ಗಣಿತವನ್ನೋ ನಿಂತು ಕಲಿಸಬಲ್ಲರೇ ಎಂದೂ ಕೇಳಿ ನೋಡಿ.

ಪ್ರಶ್ನೆ: ನನಗೆ 68 ವರ್ಷ. ಎರಡೂ ಮಂಡಿ ನೋವು. ಎಕ್ಸ್‌ರೇ ನೋಡಿ ಸವೆತ ಇದೆ ಎಂದಿದ್ದಾರೆ. ನಡೆದಷ್ಟೂ ಇನ್ನಷ್ಟು ಸವೆಯುತ್ತದೆ ಎಂದು ಎಲ್ಲರೂ ಹೇಳುವುದರಿಂದ ದೇವಸ್ಥಾನಕ್ಕೆ ಹೋಗುವುದನ್ನೂ, ಮಹಡಿ ಹತ್ತುವುದನ್ನೂ ಬಿಟ್ಟಿದ್ದೇನೆ. ಒಂದು ವರ್ಷದಲ್ಲಿ ತೂಕ ಆರು ಕಿಲೋ ಹೆಚ್ಚಿದೆ, ನೋವು ಮಾತ್ರ ಕಡಿಮೆಯಾಗಿಲ್ಲ.
(ದಾವಣಗೆರೆಯ ಓದುಗರು)

ಉತ್ತರ: ನಡೆದರೆ ಸವೆಯುತ್ತದೆ ಎಂಬ ಮಾತನ್ನು ನಂಬಿ ಸಾವಿರಾರು ಹೆಂಗಸರು ಮನೆಯೊಳಗೆ ಕುಳಿತಿದ್ದಾರೆ, ಇದು ನನಗೆ ತುಂಬ ನೋವು ತರುವ ಸಂಗತಿ. ಮಂಡಿಯೊಳಗಿನ ಮೃದ್ವಸ್ಥಿಗೆ ತನ್ನದೇ ಆದ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವವೇ ಅದಕ್ಕೆ ಆಹಾರ, ಕೀಲು ಮಡಚಿ ಬಿಚ್ಚಿ ಭಾರ ಹೊತ್ತು ಇಳಿಸಿದಾಗಲೇ ಆ ದ್ರವ ಅದರೊಳಗೆ ಹರಿದಾಡುತ್ತದೆ. ಮಂಡಿಯ ಮೇಲೆ ಬೀಳುವ ಹೊರೆಯನ್ನು ಹಂಚಿಕೊಳ್ಳುವುದು ತೊಡೆಯ ಮುಂಭಾಗದ ಮಾಂಸಖಂಡ. ಕುಳಿತೇ ಇದ್ದರೆ ಅದು ಸೊರಗಿ ಹೊರೆಯೆಲ್ಲ ಕೀಲಿನ ಮೇಲೆಯೇ ಬೀಳುತ್ತದೆ. ನಡೆಯುವಾಗ ಒಂದೊಂದು ಹೆಜ್ಜೆಗೂ ಮಂಡಿಯ ಮೇಲೆ ಬೀಳುವ ಭಾರವು ದೇಹದ ತೂಕದಲ್ಲಿ ಒಂದು ಕಿಲೋ ಇಳಿದರೆ ಸುಮಾರು ನಾಲ್ಕು ಕಿಲೋದಷ್ಟು ತಗ್ಗುತ್ತದೆ ಎಂದು ಲೆಕ್ಕ ಹಾಕಿದ್ದಾರೆ. ನೀವು ಹೆಚ್ಚಿಸಿಕೊಂಡ ಆರು ಕಿಲೋದ ಅರ್ಥವನ್ನು ಇದರಿಂದ ಊಹಿಸಬಹುದು. ಮಂಡಿ ಸವೆತಕ್ಕೆ ಇಂದು ವೈದ್ಯಲೋಕ ಮೊದಲು ಸೂಚಿಸುವ ಚಿಕಿತ್ಸೆಗಳು ವ್ಯಾಯಾಮ ಮತ್ತು ತೂಕ ಇಳಿಕೆಯೇ.

ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಒಂದು ಕಾಲನ್ನು ಮುಂದಕ್ಕೆ ನೇರವಾಗಿ ಚಾಚಿ, ತೊಡೆಯನ್ನು ಬಿಗಿಹಿಡಿದು ಐದು ಎಣಿಸುವವರೆಗೆ ನಿಲ್ಲಿಸಿ ನಿಧಾನವಾಗಿ ಇಳಿಸಿ. ಪ್ರತಿ ಕಾಲಿಗೆ ಹತ್ತು ಸಲದಂತೆ ದಿನಕ್ಕೆ ಎರಡು ಬಾರಿ ಮಾಡಿ. ಎರಡು ವಾರದ ನಂತರ ಮೇಲೆ ಹೇಳಿದ ಕುರ್ಚಿಯ ವ್ಯಾಯಾಮವನ್ನು ಎತ್ತರದ ಕುರ್ಚಿಯಿಂದ ಆರಂಭಿಸಿ. ಸಮತಟ್ಟಾದ ದಾರಿಯಲ್ಲಿ ಐದೈದು ನಿಮಿಷ ನಡೆಯುತ್ತ ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ವ್ಯಾಯಾಮದ ಹೊತ್ತಿಗೆ ಸ್ವಲ್ಪ ನೋವು ಕಾಣಿಸಿದರೆ ಗಾಬರಿ ಬೇಡ. ಮರುದಿನದ ಹೊತ್ತಿಗೆ ಅದು ಮೊದಲಿನ ಮಟ್ಟಕ್ಕೆ ಇಳಿದರೆ ಮುಂದುವರಿಸಬಹುದು, ಇಳಿಯದಿದ್ದರೆ ಪ್ರಮಾಣ ಕಡಿಮೆ ಮಾಡಿ. ಕೋಲು ಹಿಡಿಯುವುದಾದರೆ ಹೆಚ್ಚು ನೋಯುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಕೂರುವುದು, ತಗ್ಗಿನ ಮಣೆ, ಕುಕ್ಕರುಗಾಲಲ್ಲಿ ಕೂರುವ ಶೌಚಾಲಯ ಸದ್ಯಕ್ಕೆ ಬೇಡ. ದೇವಸ್ಥಾನಕ್ಕೆ ಅಗತ್ಯವಾಗಿ ಹೋಗಿ. ಮಂಡಿ ಬಿಸಿಯಾಗಿ ಕೆಂಪಾಗಿ ಊದಿದರೆ, ಮಡಚಿದಲ್ಲೇ ಸಿಕ್ಕಿಕೊಂಡರೆ, ರಾತ್ರಿ ನಿದ್ದೆಗೆಡಿಸುವ ನೋವಿದ್ದರೆ ಮತ್ತೊಮ್ಮೆ ಮೂಳೆ ವೈದ್ಯರನ್ನು ಕಾಣಿ. ಔಷಧದಂಗಡಿಯಿಂದ ತಾವೇ ನೋವಿನ ಮಾತ್ರೆ ತಂದು ದಿನವೂ ನುಂಗುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ, ಈ ವಯಸ್ಸಿನಲ್ಲಿ ಅದು ಮೂತ್ರಪಿಂಡಕ್ಕೂ ಹೊಟ್ಟೆಗೂ ಹಾನಿ ಮಾಡುತ್ತದೆ.

ಪ್ರಶ್ನೆ: ನನ್ನ ತಾಯಿಗೆ 76 ವರ್ಷ. ನ್ಯುಮೋನಿಯಾ ಆಗಿ ಹತ್ತು ದಿನ ಆಸ್ಪತ್ರೆಯಲ್ಲಿದ್ದರು. ಆಸ್ಪತ್ರೆಗೆ ಹೋಗುವ ಮೊದಲು ಅಡುಗೆ ಮಾಡುತ್ತಿದ್ದವರು ಈಗ ಹಿಡಿದುಕೊಳ್ಳದೆ ಬಾತ್‌ರೂಮಿಗೂ ಹೋಗಲಾರರು. ಎದ್ದರೆ ತಲೆ ಸುತ್ತುತ್ತದೆ ಎನ್ನುತ್ತಾರೆ. ನೋಡಲು ಬಂದ ನೆಂಟರೆಲ್ಲ "ಇನ್ನೊಂದು ತಿಂಗಳು ಮಲಗಿಯೇ ಇರಲಿ" ಎನ್ನುತ್ತಿದ್ದಾರೆ.
(ಶಿವಮೊಗ್ಗದ ಓದುಗರು)

ಉತ್ತರ: ನೆಂಟರ ಕಾಳಜಿ ದೊಡ್ಡದು, ಸಲಹೆ ಮಾತ್ರ ಅಪಾಯಕಾರಿ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತು ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿ ಪರೀಕ್ಷಿಸಿದ್ದರು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಮೂವತ್ತು ವರ್ಷದ ವಯಸ್ಸು ಅವರ ದೈಹಿಕ ಸಾಮರ್ಥ್ಯವನ್ನು ಕುಗ್ಗಿಸಿದ್ದಕ್ಕಿಂತ ಹೆಚ್ಚಾಗಿ ಅಂದಿನ ಮೂರು ವಾರದ ಮಲಗುವಿಕೆ ಕುಗ್ಗಿಸಿತ್ತು ಎಂದು ತಿಳಿದುಬಂತು. ಹಿರಿಯರಲ್ಲಿ ಇದು ಇನ್ನೂ ವೇಗವಾಗಿ ಆಗುತ್ತದೆ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಯಾವ ಕಾಯಿಲೆಯೂ ಇಲ್ಲದ, ಸರಾಸರಿ 67 ವರ್ಷದ ಹಿರಿಯರು ಕೇವಲ ಹತ್ತು ದಿನ ಮಲಗಿದ್ದರಿಂದ ಕಾಲುಗಳಲ್ಲಿ ಸುಮಾರು ಒಂದು ಕಿಲೋದಷ್ಟು ಮಾಂಸಖಂಡವನ್ನು ಕಳೆದುಕೊಂಡರು. ನಿಮ್ಮ ತಾಯಿಯವರಿಗೆ ವಯಸ್ಸು ಅದಕ್ಕಿಂತ ಹೆಚ್ಚು, ಜೊತೆಗೆ ಸೋಂಕು, ಜ್ವರ, ಊಟ ಸೇರದಿರುವುದು. ಅವರ ಕಾಲು ಸೋತಿರುವುದರಲ್ಲಿ ಆಶ್ಚರ್ಯವಿಲ್ಲ. ಇನ್ನೊಂದು ತಿಂಗಳು ಮಲಗಿದರೆ ಅವರು ಹಾಸಿಗೆಯಲ್ಲೇ ಉಳಿದುಬಿಡುವ ಸಂಭವವಿದೆ. ಮಲಬದ್ಧತೆ, ಬೆನ್ನಿನ ಹುಣ್ಣು, ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪು, ಮತ್ತೆ ನ್ಯುಮೋನಿಯಾ, ಇವೆಲ್ಲವೂ ಮಲಗಿದವರನ್ನೇ ಹುಡುಕಿಕೊಂಡು ಬರುತ್ತವೆ.

ಮೊದಲು ತಲೆಸುತ್ತಿನ ಕಾರಣ ತಿಳಿಯಬೇಕು. ಮಲಗಿದ್ದಾಗ ಒಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೆ ಒಮ್ಮೆ ಬಿಪಿ ನೋಡಿಸಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10ರಷ್ಟು ಇಳಿದರೆ ಅದೇ ಕಾರಣವಿರಬಹುದು; ನೀರು ಸಾಲುತ್ತಿಲ್ಲವೇ, ಬಿಪಿ ಮಾತ್ರೆಯ ಪ್ರಮಾಣ ಈಗ ಹೆಚ್ಚಾಗಿದೆಯೇ ಎಂದು ವೈದ್ಯರು ನೋಡುತ್ತಾರೆ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಅಲ್ಲಿಯವರೆಗೆ ಏಳಿಸುವಾಗ ಹಂತ ಹಂತವಾಗಿ ಏಳಿಸಿ. ಮಲಗಿದ್ದಲ್ಲೇ ಪಾದಗಳನ್ನು ಇಪ್ಪತ್ತು ಸಲ ಮೇಲೆ ಕೆಳಗೆ ಆಡಿಸಲಿ, ಪಕ್ಕಕ್ಕೆ ಹೊರಳಿ ಎದ್ದು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಎರಡು ನಿಮಿಷ ಕೂರಲಿ, ಆಮೇಲೆ ನಿಮ್ಮ ಕೈ ಹಿಡಿದು ನಿಲ್ಲಲಿ, ತಲೆ ತಿಳಿಯಾದ ನಂತರ ಹೆಜ್ಜೆ ಇಡಲಿ. ಮೂರು ಹೊತ್ತಿನ ಊಟವೂ ಕುರ್ಚಿಯಲ್ಲಿ ಕುಳಿತೇ ಆಗಲಿ. ಬಾತ್‌ರೂಮಿಗೆ ಹೋಗುವಾಗಲೆಲ್ಲ ನಡೆಸಿಕೊಂಡೇ ಹೋಗಿ. ಸಾಧ್ಯವಿದ್ದರೆ ಮೊದಲ ಕೆಲವು ವಾರ ಫಿಸಿಯೋಥೆರಪಿಸ್ಟ್ ಒಬ್ಬರು ಮನೆಗೆ ಬರಲಿ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಕಾಯಿಲೆಯಿಂದ ಎದ್ದವರಿಗೆ ಗಂಜಿ ಅಥವಾ ಮೆತ್ತನೆಯ ಅನ್ನಕ್ಕೆ ತಿಳಿಸಾರು ಹಾಕಿ ಕೊಡುವುದು ನಮ್ಮ ಪದ್ಧತಿ. ಕಳೆದುಹೋದ ಮಾಂಸಖಂಡ ಮರಳಲು ಬೇಕಾದ ಪ್ರೋಟೀನ್ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಿರಿಯರಿಗೆ ದೇಹತೂಕದ ಒಂದೊಂದು ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂದು ತಜ್ಞರು ಹೇಳುತ್ತಾರೆ, ಅಂದರೆ 50 ಕಿಲೋ ತೂಕದವರಿಗೆ 50ರಿಂದ 60 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ, 30 ಗ್ರಾಂ ಬೇಳೆಯಲ್ಲಿ ಸುಮಾರು 7 ಗ್ರಾಂ ಇರುತ್ತದೆ. ಬೇಳೆಯನ್ನು ಗಟ್ಟಿಯಾಗಿ ಬೇಯಿಸಿದ ತೊವ್ವೆ, ಹೆಸರುಬೇಳೆ ಪೊಂಗಲ್, ಗಟ್ಟಿ ಮೊಸರು, ಪನೀರ್, ಹುರಿಗಡಲೆ ಪುಡಿ, ತಿನ್ನುವವರಾದರೆ ಮೊಟ್ಟೆ ಮತ್ತು ಮೀನು ಪ್ರತಿ ಹೊತ್ತಿನಲ್ಲೂ ಸ್ವಲ್ಪ ಸ್ವಲ್ಪ ಇರಲಿ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರೋಟೀನ್ ಹೆಚ್ಚಿಸಬೇಕು.

ಪ್ರಶ್ನೆ: ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ವಯಸ್ಸು 66. ಬೆಳಿಗ್ಗೆ ನಡೆಯಲು ಸಮಯ ಹೊಂದುವುದಿಲ್ಲ. ಊಟದ ನಂತರ ನಡೆಯಬಹುದೇ?
(ಮಂಡ್ಯದ ಓದುಗರು)

ಉತ್ತರ: ನಡೆಯಬಹುದು, ನಿಮ್ಮಂಥವರಿಗೆ ಅದೇ ಹೆಚ್ಚು ಉಪಯುಕ್ತ. ಸಕ್ಕರೆ ಏರುವ ಅಪಾಯವಿದ್ದ ಹಿರಿಯರ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ, ಪ್ರತಿ ಊಟದ ನಂತರ 15 ನಿಮಿಷದಂತೆ ಮೂರು ಸಲ ನಡೆದದ್ದು ಬೆಳಿಗ್ಗೆ ಒಟ್ಟಿಗೆ 45 ನಿಮಿಷ ನಡೆದಷ್ಟೇ ಪರಿಣಾಮಕಾರಿಯಾಗಿತ್ತು. ರಾತ್ರಿ ಊಟದ ನಂತರದ ಸಕ್ಕರೆಯನ್ನು ತಗ್ಗಿಸುವುದರಲ್ಲಿ ಅದೇ ಮೇಲಾಗಿತ್ತು. ನಮ್ಮಲ್ಲಿ ರಾತ್ರಿ ಊಟ ತಡವಾಗಿ ಆಗುತ್ತದೆ, ಮುದ್ದೆಯೋ ಅನ್ನವೋ ಹೊಟ್ಟೆ ತುಂಬ ಉಂಡು ಟಿ.ವಿ. ಮುಂದೆ ಕುಳಿತು ಹಾಗೆಯೇ ಮಲಗುತ್ತೇವೆ. ಆ ಹದಿನೈದು ನಿಮಿಷ ಅಂಗಳದಲ್ಲೋ ಮಹಡಿಯ ಮೇಲೋ ನಿಧಾನವಾಗಿ ನಡೆದರೂ ಸಾಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸಕ್ಕರೆ ತೀರಾ ಇಳಿಯುವ ಸಂಭವವಿರುವುದರಿಂದ ಜೇಬಿನಲ್ಲಿ ಸಕ್ಕರೆಯೋ ಗ್ಲೂಕೋಸೋ ಇರಲಿ. ಪಾದದಲ್ಲಿ ಸ್ಪರ್ಶ ಕಡಿಮೆಯಾಗಿದ್ದರೆ ಬರಿಗಾಲಲ್ಲಿ ನಡೆಯಬೇಡಿ, ರಾತ್ರಿ ಮಲಗುವ ಮುನ್ನ ಅಂಗಾಲನ್ನೂ ಬೆರಳ ಸಂದುಗಳನ್ನೂ ನೋಡಿಕೊಳ್ಳಿ. ಊಟವಾದ ಮೇಲೆ ನಡೆಯುವಾಗ ಎದೆ ಹಿಡಿದಂತಾದರೆ ಅದನ್ನು ಗ್ಯಾಸ್ ಎಂದು ತಳ್ಳಿಹಾಕದೆ ಕೂಡಲೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನನ್ನ ಅಜ್ಜಿಗೆ 79 ವರ್ಷ. ಕಳೆದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆಗೆ ಏನೂ ಆಗಲಿಲ್ಲ, ಆದರೆ ಅಂದಿನಿಂದ ಭಯ ಹಿಡಿದಿದೆ. ಜಗಲಿಯ ಕುರ್ಚಿ ಬಿಟ್ಟು ಏಳುವುದೇ ಇಲ್ಲ. ಪದೇ ಪದೇ ಮೂತ್ರಕ್ಕೆ ಏಳಬೇಕಾಗುತ್ತದೆಂದು ನೀರನ್ನೂ ಕಡಿಮೆ ಮಾಡಿದ್ದಾರೆ.
(ಶಿರಸಿ ಬಳಿಯ ಓದುಗರು)

ಉತ್ತರ: ಬೀಳುವ ಭಯದಿಂದ ಕುಳಿತವರಿಗೆ ಕಾಲಿನ ಬಲ ಕುಂದುತ್ತದೆ, ಬಲ ಕುಂದಿದಷ್ಟೂ ಬೀಳುವ ಸಂಭವ ಹೆಚ್ಚುತ್ತದೆ, ಮತ್ತೊಮ್ಮೆ ಬಿದ್ದರೆ ಭಯ ಇಮ್ಮಡಿಯಾಗುತ್ತದೆ. ಮೂಳೆಗಳೂ ಭಾರ ಹೊರದೆ ತೆಳುವಾಗುತ್ತ ಹೋಗುವುದರಿಂದ ಮುಂದಿನ ಸಲ ಬಿದ್ದಾಗ ಸೊಂಟದ ಮೂಳೆ ಮುರಿಯಬಹುದು. ನೀವು ಒಂದು ವರ್ಷ ಕಾದಿದ್ದೀರಿ, ಇನ್ನು ಕಾಯಬೇಡಿ.

"ಭಯ ಬಿಡಿ ಅಜ್ಜಿ" ಎಂದು ಹೇಳುವುದರಿಂದ ಭಯ ಹೋಗುವುದಿಲ್ಲ. ಮೊದಲು ಬಿದ್ದ ಜಾಗವನ್ನು ಸರಿಪಡಿಸಿ ಅವರಿಗೆ ತೋರಿಸಿ. ಬಚ್ಚಲಲ್ಲಿ ಅವರ ಕೈ ಎತ್ತರಕ್ಕೆ ಗೋಡೆಗೆ ಭದ್ರವಾದ ಹಿಡಿಕೆ ಹಾಕಿಸಿ, ಟವೆಲ್ ಹಾಕುವ ಸರಳನ್ನು ನೆಚ್ಚಬೇಡಿ. ಕುಳಿತು ಸ್ನಾನ ಮಾಡಲು ಗಟ್ಟಿ ಸ್ಟೂಲ್, ಜಾರದ ನೆಲಹಾಸು, ಹಾಸಿಗೆಯಿಂದ ಬಚ್ಚಲವರೆಗೆ ರಾತ್ರಿಯಿಡೀ ಉರಿಯುವ ಸಣ್ಣ ದೀಪ ಇರಲಿ. ಮಲೆನಾಡಿನ ಮನೆಗಳಲ್ಲಿ ಬಚ್ಚಲು ಹೊರಗೋ ಹಿಂದೋ ಇದ್ದು, ಮಳೆಗಾಲದಲ್ಲಿ ಅಂಗಳ ಪಾಚಿಗಟ್ಟುತ್ತದೆ, ಹೊಸ್ತಿಲುಗಳೂ ಎತ್ತರ. ಅವರು ಓಡಾಡುವ ದಾರಿಯ ಪಾಚಿಯನ್ನು ಉಜ್ಜಿಸುವುದನ್ನು ಮರೆಯಬೇಡಿ. ನೆಲಕ್ಕೆ ತಾಗುವ ಸೀರೆಯ ನೆರಿಗೆಯೂ, ಸವೆದ ಹವಾಯಿ ಚಪ್ಪಲಿಯೂ ಬೀಳಿಸುತ್ತವೆ.

ಆಮೇಲೆ ಸಮತೋಲನದ ಅಭ್ಯಾಸ. ಅಡುಗೆಮನೆಯ ಕಟ್ಟೆಯನ್ನು ಎರಡೂ ಕೈಯಿಂದ ಹಿಡಿದು ನಿಲ್ಲಿಸಿ, ನೀವು ಹಿಂದೆ ನಿಲ್ಲಿ. ಮೊದಲ ವಾರ ಪಾದಗಳನ್ನು ಜೋಡಿಸಿ ಹತ್ತು ಎಣಿಸುವವರೆಗೆ ನಿಂತರೆ ಸಾಕು. ಮುಂದೆ ಒಂದು ಪಾದವನ್ನು ಅರ್ಧ ಮುಂದಕ್ಕೆ ಇಟ್ಟು, ಅನಂತರ ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಒಂದೇ ಸಾಲಿನಲ್ಲಿ ಇಟ್ಟು ನಿಲ್ಲಲಿ. ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಂತು ಇಳಿಯುವುದನ್ನೂ ಹತ್ತು ಸಲ ಮಾಡಿಸಿ. ಕೈ ಹಿಡಿತ ಎರಡು ಕೈಯಿಂದ ಒಂದಕ್ಕೆ, ಒಂದರಿಂದ ಬೆರಳ ತುದಿಗೆ ಇಳಿಯುತ್ತ ಬಂದಾಗ ಅವರಿಗೇ ಧೈರ್ಯ ಬರುತ್ತದೆ.

ನೀರು ಕಡಿಮೆ ಮಾಡುವುದರಿಂದ ಮೂತ್ರ ಗಾಢವಾಗಿ ಉರಿ ಹೆಚ್ಚುತ್ತದೆ, ಮಲಬದ್ಧತೆ ಬರುತ್ತದೆ, ಬಿಪಿ ಇಳಿದು ತಲೆ ಸುತ್ತುತ್ತದೆ. ಹಗಲಿನಲ್ಲಿ ಚೆನ್ನಾಗಿ ಕುಡಿದು ಮಲಗುವ ಎರಡು ಗಂಟೆ ಮೊದಲು ಕಡಿಮೆ ಮಾಡಲಿ. ಪದೇ ಪದೇ ಮೂತ್ರ ಬರುವುದು, ತಡೆಯಲಾಗದೆ ಸೋರುವುದು ವಯಸ್ಸಾದ ಹೆಂಗಸರಲ್ಲಿ ಬಹಳ ಸಾಮಾನ್ಯ. ಸೋಂಕಿರಬಹುದು, ಸಕ್ಕರೆ ಇರಬಹುದು, ಗರ್ಭಕೋಶ ಜಾರಿರಬಹುದು. ಬಹುಪಾಲು ತೊಂದರೆಗಳಿಗೆ ಚಿಕಿತ್ಸೆಯಿದೆ, ಆದರೆ ನಾಚಿಕೆಯಿಂದ ಯಾರೂ ಬಾಯಿ ಬಿಡುವುದಿಲ್ಲ. ಮನೆಯ ಹೆಂಗಸರೊಬ್ಬರು ಪಕ್ಕದಲ್ಲಿ ಕುಳಿತು ಮೆಲ್ಲಗೆ ಕೇಳಲಿ. ಅವರ ಕಣ್ಣಿನ ಪೊರೆಯನ್ನು ಪರೀಕ್ಷಿಸಿಸಿ, ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ, ಮೂಳೆಯ ಸಾಂದ್ರತೆ ಮತ್ತು ವಿಟಮಿನ್ ಡಿ ಬಗ್ಗೆಯೂ ಕೇಳಿ.

ಪ್ರಶ್ನೆ: ನಾನು ಮತ್ತು ನನ್ನ ಪತ್ನಿ ನವೆಂಬರಿನಲ್ಲಿ ಶಿಕಾಗೋದಲ್ಲಿರುವ ಮಗನ ಮನೆಗೆ ಆರು ತಿಂಗಳಿಗೆ ಹೋಗುವವರಿದ್ದೇವೆ. ಹಿಂದಿನ ಸಲ ಹಿಮ, ಚಳಿಯಿಂದ ಹೊರಗೆ ಕಾಲಿಡಲಾಗದೆ, ಮಾತಿಗೆ ಯಾರೂ ಇಲ್ಲದೆ ಹಗಲೆಲ್ಲ ಕುಳಿತೇ ಕಳೆದೆವು. ಮರಳಿದಾಗ ಪತ್ನಿಗೆ ಮನೆಯ ಮೆಟ್ಟಿಲು ಹತ್ತುವುದೂ ಕಷ್ಟವಾಗಿತ್ತು.
(ಧಾರವಾಡದ ಓದುಗರು)

ಉತ್ತರ: ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಬೆಚ್ಚಗಿನ ಮನೆಯಲ್ಲಿ ಇಬ್ಬರೇ ಕುಳಿತಿರುವ ತಂದೆ ತಾಯಂದಿರ ಪತ್ರಗಳು ನನಗೆ ಚಳಿಗಾಲದಲ್ಲೆಲ್ಲ ಬರುತ್ತವೆ. ಹೋಗುವ ಮೊದಲೇ ಮಗನೊಂದಿಗೆ ಮಾತಾಡಿಕೊಳ್ಳಿ. ವಾರಕ್ಕೆ ಮೂರು ದಿನವಾದರೂ ನಿಮ್ಮನ್ನು ಮಾಲ್‌ಗೋ ಗ್ರಂಥಾಲಯಕ್ಕೋ ಬಿಟ್ಟುಬರುವ ಏರ್ಪಾಡು ಆಗಬೇಕು. ಮಾಲ್‌ನೊಳಗೆ ಬೆಳಿಗ್ಗೆ ನಡೆಯುವ ಹಿರಿಯರು ಅಲ್ಲಿ ಬಹಳಷ್ಟು ಇದ್ದಾರೆ. ಮನೆಯೊಳಗೆ ಮೆಟ್ಟಿಲಿದ್ದರೆ ಕೈಪಿಡಿ ಹಿಡಿದು ದಿನಕ್ಕೆ ಐದಾರು ಸಲ ಹತ್ತಿ ಇಳಿಯಿರಿ, ಕುರ್ಚಿಯ ವ್ಯಾಯಾಮವನ್ನು ಇಬ್ಬರೂ ಸೇರಿ ಮಾಡಿ. ಅಲ್ಲಿನ ಕನ್ನಡ ಕೂಟದ ಸಂಪರ್ಕ ಇಟ್ಟುಕೊಳ್ಳಿ, ಮಾತಿಗೆ ಜನ ಸಿಗುವುದು ಆರೋಗ್ಯದ ವಿಷಯವೇ ಹೌದು. ಮರೆವಿನ ಕಾಯಿಲೆಯ ಬಗ್ಗೆ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ಪಟ್ಟಿ ಮಾಡಿದ, ತಡೆಯಲು ಸಾಧ್ಯವಿರುವ 14 ಅಪಾಯಗಳಲ್ಲಿ ದೈಹಿಕ ಚಟುವಟಿಕೆ ಇಲ್ಲದಿರುವುದೂ, ಜನಸಂಪರ್ಕ ಇಲ್ಲದಿರುವುದೂ ಸೇರಿವೆ.

ವಿಮಾನದಲ್ಲಿ ನಡುದಾರಿಯ ಪಕ್ಕದ ಸೀಟು ಕೇಳಿ. ನಾಲ್ಕು ಗಂಟೆಗೂ ಮೀರಿ ಕುಳಿತು ಪ್ರಯಾಣಿಸಿದಾಗ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಒಟ್ಟು ಅಪಾಯ ಸಣ್ಣದೇ ಆದರೂ ನಿಮ್ಮ ಪ್ರಯಾಣ ಇಪ್ಪತ್ತು ಗಂಟೆ ಮೀರುತ್ತದೆ. ಗಂಟೆ ಎರಡು ಗಂಟೆಗೊಮ್ಮೆ ಎದ್ದು ನಡೆಯಿರಿ, ಕುಳಿತಲ್ಲೇ ಹಿಮ್ಮಡಿ ಎತ್ತಿ ಇಳಿಸಿ, ನೀರು ಕುಡಿಯುತ್ತಿರಿ. ಹಿಂದೆ ಹೆಪ್ಪುಗಟ್ಟಿದ್ದರೆ, ಕ್ಯಾನ್ಸರ್ ಇದ್ದರೆ, ಈಚೆಗೆ ಶಸ್ತ್ರಚಿಕಿತ್ಸೆ ಆಗಿದ್ದರೆ ಹೊರಡುವ ಮೊದಲು ವೈದ್ಯರನ್ನು ಕಾಣಿ. ಇಳಿದ ಮೇಲಿನ ದಿನಗಳಲ್ಲಿ ಒಂದೇ ಕಾಲು ಊದಿ ಮೀನಖಂಡ ನೋಯತೊಡಗಿದರೆ, ಅಥವಾ ಹಠಾತ್ತನೆ ಉಸಿರು ಕಟ್ಟಿದಂತಾದರೆ ಮಗನಿಗೆ ತೊಂದರೆಯೆಂದು ಸುಮ್ಮನಿರದೆ ತಕ್ಷಣ ಆಸ್ಪತ್ರೆಗೆ ಹೋಗಿ. ವಿಮೆ ಮಾಡಿಸದೆ ಹೊರಡಬೇಡಿ.

ಪ್ರಶ್ನೆ: ನನಗೆ 84 ತುಂಬಿದೆ. ಆರೇಳು ವರ್ಷದಿಂದ ಹೆಚ್ಚು ಕುಳಿತೇ ಇದ್ದೇನೆ. ಇನ್ನು ವ್ಯಾಯಾಮ ಶುರು ಮಾಡಿ ಪ್ರಯೋಜನವಿದೆಯೇ?
(ಮೈಸೂರಿನ ಓದುಗರು)

ಉತ್ತರ: ಖಂಡಿತ ಇದೆ. 1990ರಲ್ಲಿ ಪ್ರಕಟವಾದ ಬಾಸ್ಟನ್ ನಗರದ ಅಧ್ಯಯನವೊಂದರಲ್ಲಿ, ವೃದ್ಧರ ಆರೈಕೆ ಕೇಂದ್ರದಲ್ಲಿದ್ದ, ಸರಾಸರಿ 90 ವರ್ಷದ ಹತ್ತು ಮಂದಿಗೆ ಎಂಟು ವಾರ ಕಾಲಿಗೆ ಭಾರ ಕಟ್ಟಿ ಎತ್ತಿಸುವ ವ್ಯಾಯಾಮ ಮಾಡಿಸಿದರು. ಪೂರ್ಣಗೊಳಿಸಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ಅವರಲ್ಲಿ ಇಬ್ಬರು ಊರುಗೋಲು ಬಿಟ್ಟು ನಡೆದರು. ಅದು ತಜ್ಞರ ಕಣ್ಣೆದುರು ನಡೆದ ವ್ಯಾಯಾಮ, ನೀವು ಅಷ್ಟು ಭಾರದಿಂದ ಆರಂಭಿಸಬೇಕಾಗಿಲ್ಲ.

ಒಮ್ಮೆ ವೈದ್ಯರಿಂದ ಹೃದಯ, ಬಿಪಿ ಪರೀಕ್ಷಿಸಿಕೊಂಡು, ಮನೆಯವರೊಬ್ಬರು ಪಕ್ಕದಲ್ಲಿರುವಾಗ ಶುರು ಮಾಡಿ. ಮೊದಲ ಎರಡು ವಾರ ಪ್ರತಿ ಗಂಟೆಗೊಮ್ಮೆ ಕುರ್ಚಿಯಿಂದ ಎದ್ದು ಒಂದು ನಿಮಿಷ ನಿಂತು ಕೂರುವುದಷ್ಟೇ ನಿಮ್ಮ ವ್ಯಾಯಾಮ. ಮೂರನೆಯ ವಾರದಿಂದ ಏಳುವುದನ್ನು ಒಂದೊಂದು ಹೊತ್ತಿಗೆ ಮೂರು ಸಲಕ್ಕೆ ಏರಿಸಿ, ಮನೆಯೊಳಗೆ ಐದು ನಿಮಿಷದ ನಡಿಗೆ ಸೇರಿಸಿ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ನಿಮಗೆ ಸರಿ. ಎದೆನೋವು, ತಣ್ಣನೆಯ ಬೆವರು, ಕಣ್ಣು ಕತ್ತಲೆ, ಒಂದು ಬದಿಯ ಕೈಕಾಲಿನಲ್ಲಿ ಸೋಲು ಕಾಣಿಸಿದರೆ ತಕ್ಷಣ ಕುಳಿತು ಮನೆಯವರನ್ನು ಕರೆಯಿರಿ. ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಲಿ. ಮೊದಲ ತಿಂಗಳು ತೊಡೆಯಲ್ಲಿ ಒಂದೆರಡು ದಿನ ಸಣ್ಣಗೆ ನೋವು ಬರುವುದು ಸಹಜ, ಅದಕ್ಕಾಗಿ ನಿಲ್ಲಿಸಬೇಡಿ. ಮೂರು ತಿಂಗಳ ನಂತರ ಕುರ್ಚಿಯ ಪರೀಕ್ಷೆ ಮಾಡಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದಿರೆಂದು ದಯವಿಟ್ಟು ನನಗೆ ಬರೆದು ತಿಳಿಸಿ.